ಮಕ್ಕಳ ಪಾಲನೆ ಮತ್ತು ಶಿಕ್ಷಣ ಕುರಿತ ಇಂಗ್ಲಿಷ್ ಗಾದೆಗಳು

ಮಕ್ಕಳನ್ನು ಬೆಳೆಸುವ, ಓದಿಸುವ, ತಿದ್ದುವ ಬಗ್ಗೆ ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಗಾದೆಗಳಲ್ಲಿ ಹಲವು ಈಗಿನ ರೂಪ ಪಡೆದದ್ದು ಬರಹದ ಮೂಲಕ. ಬೈಬಲ್, ಪಾದ್ರಿಗಳ ಉಪದೇಶ, ಶಾಲೆಗಳ ಧ್ಯೇಯವಾಕ್ಯ, ಕವಿಗಳ ದ್ವಿಪದಿ ಇವುಗಳ ಮುಖ್ಯ ಮೂಲಗಳು. ಬಾಯಿಂದ ಬಾಯಿಗೆ ದಾಟುವಾಗ ಮೂಲದ ಸಂದರ್ಭ ಉದುರಿಹೋಗಿ, ದೊಡ್ಡವರ ಅಧಿಕಾರಕ್ಕೆ ಒದಗುವ ಭಾಗವಷ್ಟೇ ಉಳಿದುಕೊಂಡದ್ದು ಇವುಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಬೆತ್ತ ಬಿಟ್ಟರೆ ಮಗು ಕೆಟ್ಟಿತು ಎಂಬ ಗಾದೆ ಇದಕ್ಕೆ ದೊಡ್ಡ ಉದಾಹರಣೆ. ಇದರ ಬೇರು ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ 13ನೆಯ ಅಧ್ಯಾಯದಲ್ಲಿದೆ. ಮಗನನ್ನು ಪ್ರೀತಿಸುವ ತಂದೆ ಅವನನ್ನು ಶಿಸ್ತಿಗೆ ಒಳಪಡಿಸುತ್ತಾನೆ, ಬೆತ್ತ ಹಿಡಿಯದವನಿಗೆ ಮಗನ ಮೇಲೆ ಪ್ರೀತಿಯಿಲ್ಲ ಎಂಬುದು ಅಲ್ಲಿನ ಭಾವ. 14ನೆಯ ಶತಮಾನದಲ್ಲಿ ವಿಲಿಯಂ ಲ್ಯಾಂಗ್‌ಲೆಂಡನ ಕಾವ್ಯದಲ್ಲೂ ಇಂಥದೇ ಮಾತು ಬರುತ್ತದೆ. ಇಂದು ಎಲ್ಲರ ಬಾಯಲ್ಲಿರುವ ಪದಜೋಡಣೆ ಪ್ರಸಿದ್ಧವಾದದ್ದು ಮಾತ್ರ ಸ್ಯಾಮ್ಯುಯೆಲ್ ಬಟ್ಲರನ ವಿಡಂಬನ ಕಾವ್ಯ ‘ಹ್ಯೂಡಿಬ್ರಾಸ್’ನ ಎರಡನೆಯ ಭಾಗದಿಂದ (1664). ಅಲ್ಲಿ ವಿಷಯ ಮಕ್ಕಳದ್ದೇ ಅಲ್ಲ. ಪ್ರೇಮಕ್ಕೆ ಪುರಾವೆಯಾಗಿ ನಿನ್ನನ್ನು ನೀನೇ ಚಾಟಿಯಿಂದ ಹೊಡೆದುಕೊ ಎಂದು ವಿಧವೆಯೊಬ್ಬಳು ಕಥಾನಾಯಕನನ್ನು ಕೆಣಕುವ ಪ್ರಸಂಗ ಅದು. ಆ ಪರಿಹಾಸದ ಸಾಲು ಮುಂದೆ ಶಾಲೆಗಳ ನೀತಿವಾಕ್ಯವಾಗಿಬಿಟ್ಟಿತು.

ಇದಕ್ಕೆ ವಿರೋಧವೂ ಹಳೆಯದೇ. 1563ರ ಡಿಸೆಂಬರಿನಲ್ಲಿ, ರಾಣಿಯ ಪರಿವಾರ ವಿಂಡ್ಸರಿನಲ್ಲಿದ್ದಾಗ, ಏಟಿಗೆ ಹೆದರಿ ಈಟನ್ ಶಾಲೆಯ ಕೆಲವು ಹುಡುಗರು ಓಡಿಹೋದ ಸುದ್ದಿ ಊಟದ ಮೇಜಿಗೆ ಬಂತು. ಎಲಿಜಬೆತ್ ರಾಣಿಗೆ ಪಾಠ ಹೇಳಿದ್ದ ರೋಜರ್ ಆ್ಯಸ್ಕಮ್ ಅಲ್ಲಿದ್ದ. ಹದಿನಾಲ್ಕು ತುಂಬುವ ಮೊದಲೇ ಗುರುವಿನ ಹೊಡೆತ ತನ್ನ ಕಲಿಕೆಯ ಪ್ರೀತಿಯನ್ನೆಲ್ಲ ಓಡಿಸಿತೆಂದು ಸರ್ ರಿಚರ್ಡ್ ಸ್ಯಾಕ್‌ವಿಲ್ ಆಮೇಲೆ ಅವನೊಂದಿಗೆ ಹೇಳಿಕೊಂಡು, ಮೊಮ್ಮಗನಿಗೆ ಹಾಗಾಗಬಾರದೆಂದು ಬಯಸಿದ. ಆ ಮಾತುಕತೆಯಿಂದ ಹುಟ್ಟಿದ ಆ್ಯಸ್ಕಮನ ‘ದಿ ಸ್ಕೂಲ್‌ಮಾಸ್ಟರ್’ ಅವನ ಮರಣಾನಂತರ 1570ರಲ್ಲಿ ಅಚ್ಚಾಯಿತು. ಜಾನ್ ಲಾಕ್ 1693ರ ತನ್ನ ಶಿಕ್ಷಣ ಗ್ರಂಥದಲ್ಲಿ, ಹೊಡೆತದಿಂದ ಬರುವುದು ಗುಲಾಮ ಮನೋಭಾವವೆಂದು ವಾದಿಸಿದ. ಹಟಮಾರಿತನಕ್ಕೆ ಮಾತ್ರ ವಿನಾಯಿತಿ ಇಟ್ಟ.

ಇವರ ಮಾತು ಕಾನೂನಿಗೆ ತಲುಪಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ಸ್ಕಾಟ್ಲೆಂಡಿನ ಇಬ್ಬರು ತಾಯಂದಿರು ಶಾಲೆಯ ಚರ್ಮಪಟ್ಟಿಯ ಏಟನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1982ರಲ್ಲಿ ಅವರ ಪರ ತೀರ್ಪಿತ್ತಿತು. 1987ರಿಂದ ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ, 1999ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಖಾಸಗಿ ಶಾಲೆಗಳಲ್ಲಿ ದೈಹಿಕ ಶಿಕ್ಷೆ ನಿಂತಿತು. ಜ್ಞಾನೋಕ್ತಿಯ ಅದೇ ವಚನವನ್ನು ಮುಂದಿಟ್ಟು ಕೆಲವು ಕ್ರೈಸ್ತ ಖಾಸಗಿ ಶಾಲೆಗಳವರು ಹೊಡೆಯುವ ಧಾರ್ಮಿಕ ಹಕ್ಕು ಕೇಳಿದಾಗ 2005ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಪೋಷಕರು ಹೊಡೆಯುವುದನ್ನೂ ಸ್ಕಾಟ್ಲೆಂಡ್ 2020ರಿಂದ, ವೇಲ್ಸ್ 2022ರಿಂದ ನಿಷೇಧಿಸಿವೆ.

ಮಕ್ಕಳು ಕಣ್ಣಿಗೆ ಕಾಣಲಿ, ದನಿ ಕೇಳಿಸದಿರಲಿ ಎಂಬ ಗಾದೆ ಮೊದಲು ಹೆಣ್ಣುಮಕ್ಕಳಿಗೆ ಹೇಳಿದ್ದು. ಮಧ್ಯಯುಗದ ಪಾದ್ರಿ ಜಾನ್ ಮಿರ್ಕನ ಉಪದೇಶಗಳಲ್ಲೇ ಅದು ಹಳೆಯ ಮಾತೆಂದು ಬರುತ್ತದೆ. ಬಾಯಿಮುಚ್ಚಿಸುವ ಆ ವಿಧಿ ಮುಂದೆ ಎಲ್ಲ ಮಕ್ಕಳಿಗೂ ಹಬ್ಬಿತು. ನಡತೆಯೇ ಮನುಷ್ಯನನ್ನು ರೂಪಿಸುತ್ತದೆ ಎಂಬುದು 1382ರಲ್ಲಿ ವಿಂಚೆಸ್ಟರ್ ಶಾಲೆ ಸ್ಥಾಪಿಸಿದ ವಿಲಿಯಂ ಆಫ್ ವಿಕಮ್‌ನ ಧ್ಯೇಯವಾಕ್ಯ. ಎಳೆಯ ಕೊಂಬೆ ಬಗ್ಗಿದತ್ತಲೇ ಮರ ವಾಲುತ್ತದೆ ಎಂಬ ಮಾತು ಅಲೆಕ್ಸಾಂಡರ್ ಪೋಪ್‌ನ 1734ರ ಪದ್ಯದಿಂದ ಮನೆಮಾತಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಕನ್ನಡಿಗರಿಗೆ ಇದು ಹೊಸದಲ್ಲ. ಆಟವಿಲ್ಲದ ದುಡಿಮೆ ಹುಡುಗನನ್ನು ಮಂಕಾಗಿಸುತ್ತದೆ ಎಂಬ ಗಾದೆ ಜೇಮ್ಸ್ ಹಾವೆಲ್‌ನ 1659ರ ಸಂಗ್ರಹದಲ್ಲಿದೆ. ಮಗುವಿನ ಕಡೆ ನಿಂತು ಮಾತಾಡುವ ಗಾದೆ ಇಲ್ಲಿ ಇದೊಂದೇ.

ಅರೆಬರೆ ವಿದ್ಯೆ ಅಪಾಯ ಎಂಬುದು ಪೋಪ್‌ನದೇ, 1711ರದು. ಆತ ಅಲ್ಲಿ ಹೇಳಿದ್ದು ಇನ್ನಷ್ಟು ಆಳವಾಗಿ ಕಲಿಯಿರಿ ಎಂದು. ಕಲಿಯಲು ಆಗಷ್ಟೇ ಹೊರಟವರ ಉತ್ಸಾಹ ಕುಗ್ಗಿಸಲು ಆ ಗಾದೆಯನ್ನು ಎತ್ತಿ ಆಡುವುದು ಅದರ ಅರ್ಥಕ್ಕೇ ವಿರುದ್ಧ.