ಗಿರ್ಮಿಟ್

ಇಂಗ್ಲಿಷಿನ ‘ಅಗ್ರಿಮೆಂಟ್’ ಉತ್ತರ ಭಾರತದ ಕೂಲಿಕಾರರ ಬಾಯಲ್ಲಿ ‘ಗಿರ್ಮಿಟ್’ ಆಯಿತು. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರು ಐದು ವರ್ಷದ ಕರಾರಿಗೆ ಒಳಪಟ್ಟು ಫಿಜಿಗೆ ಹೋದರು. ಹೆಚ್ಚಿನವರು ದುಡಿದದ್ದು ಕಬ್ಬಿನ ತೋಟಗಳಲ್ಲಿ. ಅವರೇ ಗಿರ್ಮಿಟಿಯಾಗಳು. ಹಡಗಿನಲ್ಲಿ, ತೋಟದ ಲೈನುಮನೆಗಳಲ್ಲಿ ಜಾತಿಯ ಕಟ್ಟು ಸಡಿಲವಾಯಿತು. 1903ರಿಂದ ಮದ್ರಾಸಿನ ಹಡಗುಗಳಲ್ಲಿ ಬಂದ ತಮಿಳರೂ ತೆಲುಗರೂ ಕ್ರಮೇಣ ಫಿಜಿ ಹಿಂದಿ ಕಲಿತರು. ಹೀಗೆ ಕರಾರುಪತ್ರದ ಹೆಸರೇ ಒಂದು ಸಮುದಾಯದ ಗುರುತಾಯಿತು.

ಜೀತದಂಥ ಬಾಳಿನ ನೆನಪನ್ನು ಹೆಮ್ಮೆಯಿಂದ ಹೊರುವುದೇಕೆ ಎಂದು ಆಕ್ಷೇಪಿಸಬಹುದು. ಸ್ವಂತ ಖರ್ಚಿನಲ್ಲಿ ಬಂದ ಗುಜರಾತಿ ವ್ಯಾಪಾರಿಗಳು ಈ ಪದದೊಳಗೆ ಬರುವುದಿಲ್ಲ ಎಂಬುದೂ ನಿಜ. ಆದರೆ ‘ಫಿಜಿಯನ್’ ಎಂಬ ಹೆಸರು ಬಹುಕಾಲ ಮೂಲನಿವಾಸಿ ಇತೌಕೆಯರಿಗೇ ಮೀಸಲಾಗಿತ್ತು. ಭೂಮಿಯ ಬಹುಪಾಲೂ ಅವರದೇ. ಮಣ್ಣಿನ ಹಕ್ಕು ಹೇಳಲಾಗದವರು ದುಡಿಮೆಯ ಹಕ್ಕು ಹೇಳಲು ಈ ಪದವನ್ನೇ ಆಶ್ರಯಿಸಿದರು. 2023ರಲ್ಲಿ ಗಿರ್ಮಿಟ್ ದಿನಕ್ಕೆ ಸರಕಾರಿ ರಜೆ ಕೊಟ್ಟ ಫಿಜಿ ಆ ಹಕ್ಕನ್ನು ಮನ್ನಿಸಿದಂತಾಯಿತು.