ಕಾಲಿನ ಅಳತೆ

ಶನಿವಾರ ನಡುರಾತ್ರಿಯ ಹೊತ್ತಿಗೆ ದಾದರ್ ಸ್ಟೇಷನ್ನಿನ ಸೆಂಟ್ರಲ್ ಲೈನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ. ಪಾಳಿ ಮುಗಿಸಿ ಮನೆಗೆ ಹೊರಟವರ ನಡುವೆ ಬೆನ್ನಿಗೆ ದೊಡ್ಡ ಚೀಲ ಬಿಗಿದ ಹುಡುಗ ಹುಡುಗಿಯರ ಗುಂಪುಗಳು ಕಾಣುತ್ತವೆ. ಕೊನೆಯ ಕಸಾರಾ ಲೋಕಲ್ಲಿಗೋ ಕರ್ಜತ್ ಲೋಕಲ್ಲಿಗೋ ಕಾಯುತ್ತಿರುವ ಸಹ್ಯಾದ್ರಿಯ ಚಾರಣಿಗರು. ನಾನೂ ಅವರಲ್ಲೊಬ್ಬ. ಆದರೆ ಈಗೀಗ ಅವರ ಮುಖ ನೋಡುವ ಮೊದಲು ಕಾಲು ನೋಡುತ್ತೇನೆ. ಈ ಚಟ ಹತ್ತಿದ್ದು ನನ್ನ ಎರಡೂ ಹೆಬ್ಬೆರಳಿನ ಉಗುರುಗಳು ಕಪ್ಪಾಗಿ ಬಿದ್ದುಹೋದ ಮೇಲೆ.

ಅವು ಬಿದ್ದದ್ದು ಕಳಸೂಬಾಯಿಯಿಂದಾಗಿ. 1646 ಮೀಟರ್ ಎತ್ತರದ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಅದು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಪಾದ ಬೂಟಿನೊಳಗೆ ಮುಂದಕ್ಕೆ ಜಾರಿ ಬೆರಳು ಗೋಡೆಗೆ ಗುದ್ದಿದಂತೆ ಗುದ್ದುತ್ತಿತ್ತು. ಬಾರಿ ಹಳ್ಳಿ ಮುಟ್ಟುವಷ್ಟರಲ್ಲಿ ನಾನು ಪಕ್ಕವಾಟಾಗಿ, ಏಡಿಯ ಹಾಗೆ ನಡೆಯುತ್ತಿದ್ದೆ. ಅದೇ ದಾರಿಯಲ್ಲಿ ಊರಿನ ಹೆಂಗಸೊಬ್ಬರು ಸವೆದ ಚಪ್ಪಲಿಯಲ್ಲಿ, ತಲೆಯ ಮೇಲೆ ಹೊರೆ ಹೊತ್ತು, ನನ್ನನ್ನು ದಾಟಿ ಇಳಿದುಹೋದರು.

ಬೂಟು ಅಗ್ಗದ್ದೇನಲ್ಲ. ದೊಡ್ಡ ಅಂಗಡಿಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಆಫೀಸಿನ ತೆಳು ಕಾಲುಚೀಲದಲ್ಲೇ ಹಾಕಿ ನೋಡಿ ಕೊಂಡದ್ದು. ಎಂಟನೇ ನಂಬರು ಅಗಲದಲ್ಲಿ ಹಿಡಿಯುತ್ತಿತ್ತು. ಮಾರುವ ಹುಡುಗ ಒಂಬತ್ತು ಕೊಟ್ಟ. ಹಿತವಾಯಿತು. ಅವನು ನನ್ನ ಪಾದ ನೋಡಲಿಲ್ಲ, ನಂಬರು ಕೇಳಿದ. ನಾನೂ ನಂಬರನ್ನೇ ಹೇಳಿದೆ.

ಊರಿಗೆ ಫೋನು ಮಾಡಿದಾಗ ಅಪ್ಪ ನಕ್ಕರು. "ನಾವು ಕಾಲ ನೋಡಿ ಕೆರಾ ಮಾಡಸ್ತಿದ್ವಿ ತಮ್ಮಾ. ನೀ ನಂಬರ ನೋಡಿ ಕಾಲ ತುರಕಿದಿ."

ಈ ನಂಬರು ಎಲ್ಲಿಂದ ಬಂತು ಎಂದು ಹುಡುಕಲು ಕೂತದ್ದು ಆಮೇಲೆ. ನಮ್ಮ ಅಂಗಡಿಗಳಲ್ಲಿ ಚಲಾವಣೆಯಲ್ಲಿರುವುದು ಇಂಗ್ಲೆಂಡಿನ ಅಳತೆ. ಅದರ ಮೂಲ ಒಂದು ಬಾರ್ಲಿ ಕಾಳು. ಮೂರು ಕಾಳು ಸೇರಿದರೆ ಒಂದು ಇಂಚು. ಒಂದು ನಂಬರಿನಿಂದ ಮುಂದಿನ ನಂಬರಿಗೆ ಒಂದು ಕಾಳಿನ ಅಂತರ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರು. ಯುರೋಪಿನ ಉಳಿದೆಡೆ ಪ್ಯಾರಿಸ್ ಪಾಯಿಂಟ್ ಎಂಬ ಬೇರೆ ಲೆಕ್ಕ, ಸೆಂಟಿಮೀಟರಿನ ಮೂರನೇ ಎರಡು ಭಾಗ. ಎರಡೂ ಹೇಳುವುದು ಉದ್ದವನ್ನು. ಅಗಲದ ಮಾತೇ ಇಲ್ಲ.

ನಮ್ಮ ತಂಟೆ ಇರುವುದೇ ಅಗಲದಲ್ಲಿ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ 1,01,880 ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪಿನವರ, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಕಂಡುಬಂತು. ಆ ಆಧಾರದ ಮೇಲೆ 'ಭಾ' ಎಂಬ ನಮ್ಮದೇ ಅಳತೆಯ ಪ್ರಸ್ತಾವ ಬಂದಿದೆ. ವರದಿ ಓದುವಾಗ ನನ್ನ ಉಗುರಿನ ಕಥೆಯೇ ಅಲ್ಲಿತ್ತು. ಅಗಲ ಸಾಲದೆ ನಾವು ಉದ್ದದ ನಂಬರು ಕೊಳ್ಳುತ್ತೇವೆ. ಉದ್ದದಲ್ಲಿ ಜಾಗ ಹೆಚ್ಚಾದರೆ ಹಿಮ್ಮಡಿ ನಿಲ್ಲುವುದಿಲ್ಲ, ಬೂಟು ಮಡಚುವ ಜಾಗಕ್ಕೂ ಪಾದ ಮಡಚುವ ಜಾಗಕ್ಕೂ ತಾಳೆ ಇರುವುದಿಲ್ಲ, ಇಳಿಜಾರಿನಲ್ಲಿ ಪಾದ ಜಾರುತ್ತದೆ.

ಬೆಟ್ಟದ ಬೂಟಿನ ಚರಿತ್ರೆಯಲ್ಲಿ ಉಗುರಿಗಿಂತ ದೊಡ್ಡ ಬೆಲೆ ತೆತ್ತವರಿದ್ದಾರೆ. ಬಹುಕಾಲ ಆಲ್ಪ್ಸ್ ಹತ್ತಿದವರ ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆದಿರುತ್ತಿತ್ತು. 1924ರಲ್ಲಿ ಎವರೆಸ್ಟಿನಲ್ಲಿ ಕಾಣೆಯಾದ ಜಾರ್ಜ್ ಮ್ಯಾಲೊರಿಯ ದೇಹ 1999ರಲ್ಲಿ ಸಿಕ್ಕಾಗ ಕಾಲಿನಲ್ಲಿ ಅಂಥದೇ ಮೊಳೆ ಬೂಟಿತ್ತು. ಕಡಿದಾದ ಬಂಡೆ ಬಂದರೆ ಅದನ್ನು ಬಿಚ್ಚಿ ಮೆತ್ತನೆಯ ತಳದ ಪಾದರಕ್ಷೆ ತೊಡುವುದು ರೂಢಿ. 1935ರಲ್ಲಿ ಇಟಲಿಯ ಪುಂಟಾ ರಾಸಿಕಾ ಶಿಖರದಲ್ಲಿ ಬಿರುಗಾಳಿಗೆ ಸಿಕ್ಕು ಆರು ಜನ ಸತ್ತರು. ಗೆಳೆಯರನ್ನು ಕಳೆದುಕೊಂಡ ವಿಟಾಲೆ ಬ್ರಮಾನಿ ಆ ಸಾವುಗಳಿಗೆ ಪಾದರಕ್ಷೆಯೂ ಕಾರಣ ಎಂದುಕೊಂಡ. ಬಂಡೆಗೂ ಹಿಮಕ್ಕೂ ಒಂದೇ ಅಟ್ಟೆ ಸಾಲಬೇಕೆಂದು, ಟೈರಿನ ಪಿರೆಲ್ಲಿಯವರ ಹಣದ ನೆರವಿನಿಂದ, ಆಳ ಗೀರುಗಳ ರಬ್ಬರ್ ಅಟ್ಟೆ ಮಾಡಿ 1937ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನ ತುಣುಕುಗಳೇ ಸೇರಿ ವಿಬ್ರಾಮ್ ಆಯಿತು. 1954ರಲ್ಲಿ ಕೆ2 ಏರಿದ ಇಟಾಲಿಯನ್ನರ ಬೂಟಿಗೆ ಇದ್ದದ್ದು ಆ ಅಟ್ಟೆಯೇ.

ಅದೇ 1954ರಲ್ಲಿ ಮುಂಬೈಯ ಹಳೆಯ ಪರ್ವತಾರೋಹಣ ಸಂಘ ಗಿರಿವಿಹಾರ ಹುಟ್ಟಿತು. ಆದರೆ ಇಲ್ಲಿನ ಚಾರಣಿಗರಿಗೆ ವಿಬ್ರಾಮ್ ಎಲ್ಲಿಯ ಮಾತು? ಬಹುಕಾಲ ಅವರ ನಂಬಿಕೆಯ ಜೋಡು ಹಂಟರ್ ಶೂ. ಹಸಿರು ಕ್ಯಾನ್ವಾಸು, ರಬ್ಬರ್ ತಳ. ಮೆತ್ತಗಿದ್ದುದರಿಂದ ಅದು ಅಗಲ ಪಾದಕ್ಕೂ ಹಿಗ್ಗಿ ಕೊಡುತ್ತಿತ್ತು. ಸಹ್ಯಾದ್ರಿಯ ಕಪ್ಪು ಬಸಾಲ್ಟು ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಯಾವ ಅಟ್ಟೆಯನ್ನೂ ಪೂರ್ತಿ ನಂಬುವಂತಿಲ್ಲ, ಆ ಮಾತು ಬೇರೆ.

ಅಪ್ಪ ಹೇಳಿದ ಕೆರಕ್ಕೆ ಬರುತ್ತೇನೆ. ನಮ್ಮದು ಅಥಣಿ ಕಡೆಯ ಊರು. ದಾದರಿನಲ್ಲಿ ಕೊಲ್ಹಾಪುರಿ ಎಂದು ಮಾರುವ ಚಪ್ಪಲಿಗಳಲ್ಲಿ ಅಥಣಿ, ನಿಪ್ಪಾಣಿಯ ಸಮಗಾರರ ಕೈಯವೂ ಇವೆ ಎಂಬುದು ಕೊಳ್ಳುವ ಅನೇಕರಿಗೆ ಗೊತ್ತಿಲ್ಲ. ಅದರ ಭೌಗೋಳಿಕ ಸೂಚಕ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. 1956ರವರೆಗೆ ಬೆಳಗಾವಿ ಜಿಲ್ಲೆಯೂ ದಾದರೂ ಒಂದೇ ಆಡಳಿತದಲ್ಲಿದ್ದವು. ಚಪ್ಪಲಿಗೆ ಗಡಿ ಆಮೇಲೆ ಬಂತು. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮ, ಮೊಳೆಯಿಲ್ಲದೆ ಚರ್ಮದ ದಾರದಲ್ಲೇ ಹೊಲಿಗೆ. ಅಟ್ಟೆ ಗಂಡಸರ ಕೆಲಸ, ಜಡೆ ಹೆಣೆಯುವುದು ಹೆಂಗಸರದು.

ಹೊಸ ಕೆರ ಬೇಕಾದಾಗ ಅವರು ಮನೆಗೆ ಬರುತ್ತಿದ್ದರು. ಬರುತ್ತಿದ್ದರು ಅಂದರೆ ಕಟ್ಟೆಯವರೆಗೆ. ನಾನು ಕಟ್ಟೆಯಿಂದಿಳಿದು ಕಾಗದದ ಮೇಲೆ ನಿಲ್ಲುತ್ತಿದ್ದೆ. ಅವರು ಕುಕ್ಕರಗಾಲಲ್ಲಿ ಕೂತು ಪಾದದ ಸುತ್ತ ಸೀಸದಕಡ್ಡಿಯಿಂದ ಗೀಟು ಎಳೆಯುತ್ತಿದ್ದರು. ಎರಡೂ ಕಾಲಿಗೆ ಬೇರೆ ಬೇರೆ. ನನ್ನ ಎಡಗಾಲು ತುಸು ದೊಡ್ಡದೆಂದು ಮೊದಲು ಹೇಳಿದವರು ಅವರೇ. ಅವರಿಗೆ ಚಹಾ ಕೊಡುತ್ತಿದ್ದ ಬಟ್ಟಲು ಬೇರೆ ಇತ್ತು, ಗೋಡೆಯ ಗೂಡಿನಲ್ಲಿ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಲ್ಲಿ ಮಾಡಿ ತಂದ ಕೆರಗಳನ್ನು ಬಸವಣ್ಣ ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡ ಕಥೆಯನ್ನು ಅಜ್ಜಿ ಅದೇ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಕಥೆಗೂ ಬಟ್ಟಲಿಗೂ ಇರುವ ದೂರ ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಇಲ್ಲಿ. ನನ್ನ ಬಾಡಿಗೆ ಕೋಣೆಯಿಂದ ಹಿಂದೂ ಕಾಲೊನಿಯ ರಾಜಗೃಹಕ್ಕೆ ಹತ್ತು ನಿಮಿಷದ ನಡಿಗೆ. ಅಂಬೇಡ್ಕರ್ ತಮ್ಮ ಪುಸ್ತಕಗಳಿಗೆಂದೇ ಕಟ್ಟಿಸಿದ ಮನೆ. ಆ ಮನೆ ಕಟ್ಟುವ ಮೊದಲೇ, 1925ರಲ್ಲಿ, ಅವರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ್ದರು. ನಮ್ಮ ಊರಿನಿಂದ ಅಷ್ಟೇನೂ ದೂರವಲ್ಲದ ನಿಪ್ಪಾಣಿ. ಶಾಲೆಯಲ್ಲಿ ಯಾರೂ ಅದನ್ನು ಹೇಳಿರಲಿಲ್ಲ.

ಎರಡನೇ ಬೂಟು ಕೊಳ್ಳುವಾಗ ಅವರು ಮಾಡಿದ ಹಾಗೆಯೇ ಮಾಡಿದೆ. ಪೇಪರ್ ಹಾಸಿ ಭಾರ ಬಿಟ್ಟು ನಿಂತು, ಎರಡೂ ಪಾದಗಳ ಗೀಟು ಎಳೆದೆ. ಬಗ್ಗಿ ಎಳೆದರೆ ಭಾರ ಸರಿಯುತ್ತದೆ, ಗೀಟು ತಪ್ಪುತ್ತದೆ. ಕೋಣೆಯ ಗೆಳೆಯನನ್ನು ಕೂರಿಸಿ ಎಳೆಸಬೇಕಾಯಿತು. ಸಂಜೆ, ಪಾದ ಊದಿಕೊಂಡ ಹೊತ್ತಿನಲ್ಲಿ, ಚಾರಣದ ದಪ್ಪ ಕಾಲುಚೀಲ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಬೂಟಿನ ಒಳಅಟ್ಟೆ ತೆಗೆದು ಗೀಟಿನ ಮೇಲಿಟ್ಟು ನೋಡಿದೆ. ಗೀಟು ಪಕ್ಕಕ್ಕೆ ಹೊರಚೆಲ್ಲಿದ ಬೂಟುಗಳನ್ನು ಹಾಕಿಯೂ ನೋಡಲಿಲ್ಲ. ದೊಡ್ಡ ಕಾಲಿಗೆ ಹೊಂದುವುದನ್ನೇ ಆರಿಸಿದೆ. ಲೇಸು ಬಿಚ್ಚಿ ಪಾದ ಮುಂದೊತ್ತಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಯಬೇಕು. ಲೇಸು ಬಿಗಿದ ಮೇಲೆ ಹಿಮ್ಮಡಿ ಏಳಬಾರದು. ಅಂಗಡಿಯ ಮೆಟ್ಟಿಲನ್ನು ಹತ್ತು ಸಲ ಇಳಿದೆ, ಬೆರಳು ಗುದ್ದಲಿಲ್ಲ. ಆಮೇಲೆ ಎರಡು ವಾರ ದಾದರಿನಿಂದ ಶಿವಾಜಿ ಪಾರ್ಕಿಗೆ ಅದರಲ್ಲೇ ನಡೆದು ಪಳಗಿಸಿದೆ. ಕಳಸೂಬಾಯಿಗೆ ಮತ್ತೆ ಹೋದೆ, ನೆಟ್ಟಗೆ ಇಳಿದೆ.

ಆ ರಾತ್ರಿ ಅಪ್ಪನಿಗೆ ಫೋನು ಮಾಡಿ, ನಮಗೆ ಕೆರ ಮಾಡಿ ಕೊಡುತ್ತಿದ್ದವರ ಹೆಸರೇನು ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು.

"ಹೆಸರ ಹಿಡದ ಕರದದ್ದ ಇಲ್ಲಲೋ ತಮ್ಮಾ" ಅಂದರು. "ಅವರಿಗೆ ಮಾತ್ರ ನಮ್ಮೆಲ್ಲಾರ ಕಾಲಿನ ಅಳತಿ ಗೊತ್ತಿತ್ತು."