ಬೇಲೂರಿನ ನೀರು, ಕನ್ನಂಬಾಡಿಯ ಸುರ್ಕಿ

ಹೋದ ವಾರ ಅರಸೀಕೆರೆಯಲ್ಲಿ ರೈಲು ಇಳಿದು ಈಶ್ವರ ದೇವಾಲಯಕ್ಕೆ ಹೋಗಿದ್ದೆ. 1220ರ ಸುಮಾರಿನ ಕಟ್ಟಡ. ನಕ್ಷತ್ರಾಕಾರದ ಮಂಟಪ, ಮೇಲೆ ಗುಮ್ಮಟದಂಥ ಕಲ್ಲಿನ ಚಾವಣಿ. ಪಕ್ಕದಲ್ಲಿ ಕೂತಿದ್ದ ಹುಡುಗ ಕೇಳಿದ: "ಸಿಮೆಂಟ್ ಇಲ್ದೆ ಇದು ಹೆಂಗ್ ನಿಂತಿದೆ ಅಣ್ಣ?"

ಹೊಯ್ಸಳರ ಉತ್ತರ ಸರಳ. ಬೇಲೂರಲ್ಲಿ 1117ರಲ್ಲಿ, ಆಮೇಲೆ ಹಳೇಬೀಡಲ್ಲಿ ಅವರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಒಡ್ಡಿದಂತೆ ಗಟ್ಟಿ. ಕಚ್ಚು ಕೊರೆದು ಒಂದಕ್ಕೊಂದು ಕೂರಿಸಿದರೆ ಗಾರೆಯೇ ಬೇಡ. ಆದ್ರೆ ಬಡಾವಣೆಯ ಥರ್ಟಿ ಫಾರ್ಟಿ ಸೈಟಲ್ಲಿ ಹಾಗೆ ಮನೆ ಕಟ್ಟೋಕಾಗಲ್ಲ. ವಾಟ್ಸಾಪ್ ಫಾರ್ವರ್ಡ್‌ಗಳು ಈ ಮಾತು ಹೇಳಲ್ಲ.

ನಮಗೆ ಬೇಕಾದ ಉತ್ತರ ಗಾರೆಯಲ್ಲಿದೆ. ಬೇಲೂರಿನ ಹೆಬ್ಬಾಗಿಲ ಗೋಪುರ ನೋಡಿ. ಅದು ಹೊಯ್ಸಳರದ್ದಲ್ಲ, 1397ರಲ್ಲಿ, ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ್ದು. ಮೇಲೆಲ್ಲ ಇಟ್ಟಿಗೆ, ಗಾರೆ.

ಬೇಲೂರಿನ ಪಕ್ಕ ಹರಿಯೋ ಯಗಚಿ ಹೇಮಾವತಿಗೆ ಸೇರುತ್ತೆ, ಹೇಮಾವತಿ ಕನ್ನಂಬಾಡಿಯ ಹಿನ್ನೀರಿಗೆ. ಆ ನೀರನ್ನ ತಡೆದು ನಿಲ್ಲಿಸಿರೋ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ಆಗ ಸಿಮೆಂಟ್ ದುಬಾರಿ ಸರಕು. ಅದರ ಬದಲು ಕಲ್ಲುಗಳನ್ನ ಹಿಡಿದಿಟ್ಟಿದ್ದು ಸುರ್ಕಿ ಗಾರೆ: ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ. ಬರೀ ಸುಣ್ಣ ಗಟ್ಟಿಯಾಗೋಕೆ ಗಾಳಿ ಬೇಕು. ಸುಟ್ಟ ಜೇಡಿಮಣ್ಣು ಸೇರಿದ್ರೆ ಅದು ನೀರೊಳಗೂ ಬಿಗಿಯುತ್ತೆ. ಅದಕ್ಕೂ ಮುಂಚೆ, 1907ಕ್ಕೆ ಮುಗಿದ ಮಾರಿಕಣಿವೆಗೂ ಇದೇ ಗಾರೆ.

ಈಗ ನೂರು ವರ್ಷ ಮುಂದಕ್ಕೆ ಬನ್ನಿ. ಸಿಮೆಂಟಿನ ಜೀವಾಳ ಕ್ಲಿಂಕರ್. ಸುಣ್ಣದಕಲ್ಲನ್ನ ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು. ಹೊಗೆಯ ಲೆಕ್ಕ ಕಲ್ಲಿದ್ದಲಿಗೇ ಮುಗಿಯಲ್ಲ. ಅರ್ಧಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರೋದು ಆ ಕಲ್ಲಿನೊಳಗಿಂದಲೇ. ಹಾಗಾಗಿ ಬರೀ ಸೋಲಾರ್ ಹಾಕಿದ್ರೆ ಸಾಲದು, ಕ್ಲಿಂಕರನ್ನೇ ಕಡಿಮೆ ಮಾಡಬೇಕು.

ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳ ಸಂಶೋಧಕರು ಸೇರಿ ಮಾಡಿರೋ ಎಲ್‌ಸಿ3 ಸಿಮೆಂಟಲ್ಲಿ ಕ್ಲಿಂಕರ್ ಅರ್ಧದಷ್ಟೇ. ಉಳಿದದ್ದು ಹೆಚ್ಚಾಗಿ 800 ಡಿಗ್ರಿ ಆಸುಪಾಸಲ್ಲಿ ಸುಟ್ಟ ಜೇಡಿಮಣ್ಣು, ಜತೆಗೆ ಸುಡದ ಸುಣ್ಣದಕಲ್ಲಿನ ಪುಡಿ. ಸುರ್ಕಿಯ ನೆಂಟನೇ! 2023ರಲ್ಲಿ ಇದಕ್ಕೆ ಭಾರತೀಯ ಮಾನದಂಡವೂ ಬಂತು. ಹಾಗಂತ ಹಳೇ ಗೋಡೆಯ ಇಟ್ಟಿಗೆ ಕುಟ್ಟಿ ಪಿಲ್ಲರ್‌ಗೆ ಹಾಕ್ಬೇಡಿ. ಎಲ್ಲ ಮಣ್ಣೂ ಒಂದೇ ಅಲ್ಲ, ಸುಡೋ ಹದವೂ ತಪ್ಪಬಾರದು.

ಮನೆ ಕಟ್ಟಿಸ್ತಿದ್ದೀರಾ? ಎಲ್‌ಸಿ3 ಅಂಗಡಿಯಲ್ಲಿ ಸಿಗದಿದ್ರೆ ಪಿಪಿಸಿ ಇಲ್ಲಾ ಪಿಎಸ್‌ಸಿ ಕೇಳಿ. ಒಂದರಲ್ಲಿ ಹಾರುಬೂದಿ, ಇನ್ನೊಂದರಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತಿರುತ್ತೆ, ಎರಡರಲ್ಲೂ ಕ್ಲಿಂಕರ್ ಕಡಿಮೆ. ಬಿಗಿಯೋದು ಮಾತ್ರ ಸ್ವಲ್ಪ ನಿಧಾನ. ಮೇಸ್ತ್ರಿ ಏಳು ದಿನ ಸಾಕು ಅಂದ್ರೂ ಹತ್ತು ದಿನ ಕ್ಯೂರಿಂಗ್ ಮಾಡಿಸಿ.